ವನಜಳಿಗೆ ಕಿವಿ ಕೇಳಿಸಿದ ವರ್ಷ

ಹೋದ ತಿಂಗಳು ನನ್ನ ಕಿವಿ ಪರೀಕ್ಷೆ ಮಾಡಿಸಲು ಶಿವಮೊಗ್ಗಕ್ಕೆ ಹೋಗಿದ್ದೆ. ವಯಸ್ಸಾದ ಮೇಲೆ ಕಿವಿ ಮಂದವಾಗುವುದು ಹೊಸ ಸಂಗತಿಯೇನಲ್ಲ. ಆದರೆ ಕುಕ್ಕರಿನ ಸೀಟಿ ಕೇಳಿಸದೆ ಎರಡು ಸಲ ಬೇಳೆ ಸೀಯಿಸಿದ ಮೇಲೆ ನನಗೇ ಹೆದರಿಕೆಯಾಗಿ ಹೊರಟೆ. ಅಲ್ಲಿದ್ದ ಹುಡುಗಿ ನನ್ನ ಮೊಮ್ಮಗಳಾಗುವಷ್ಟು ಚಿಕ್ಕವಳು. ಸಣ್ಣ ಕೋಣೆಯೊಂದರಲ್ಲಿ ಕೂರಿಸಿ, ಕಿವಿಗೆ ಏನೋ ಸಿಕ್ಕಿಸಿ, ನನ್ನ ಕುರ್ಚಿಯನ್ನು ಗರಕ್ಕನೆ ಗೋಡೆಯ ಕಡೆಗೆ ತಿರುಗಿಸಿಬಿಟ್ಟಳು.

"ಎಂತಕ್ಕೆ ಮಾರಾಯ್ತಿ, ಶಾಲೇಲಿ ತಂಟೆ ಮಾಡಿದವರನ್ನ ಕೂರಿಸಿದ ಹಾಗೆ ಕೂರಿಸ್ತೀಯಲ್ಲ?" ಎಂದೆ.

"ನೀವು ನನ್ನ ಮುಖ ನೋಡಬಾರದು ಅಜ್ಜಿ. ನಾನು ಬಟನ್ ಒತ್ತುವಾಗ ನನ್ನ ಕಣ್ಣು ನೋಡಿ ಶಬ್ದ ಬಂತು ಅಂತ ತಿಳ್ಕೊಂಡುಬಿಡ್ತೀರಿ. ನಮಗೆ ಕಾಲೇಜಲ್ಲಿ ಹೇಳಿಕೊಡೋ ಮೊದಲನೇ ಪಾಠನೇ ಇದು."

ಮೊದಲನೇ ಪಾಠವಂತೆ. ಅವಳು ಬಟನ್ ಒತ್ತುತ್ತಾ ಹೋದಳು, ನಾನು ಕೈ ಎತ್ತಲೇ ಇಲ್ಲ. ಎಷ್ಟು ಶಬ್ದ ಬಂತೋ, ಎಷ್ಟು ಹೋಯಿತೋ. ಗೋಡೆ ನೋಡಿಕೊಂಡು ಸೆರಗು ಬಾಯಿಗಿಟ್ಟು ಅಳುತ್ತಿದ್ದೆ. ಪಾಪ, ಅಜ್ಜಿಗೆ ಪೂರ್ತಿ ಕಿವಿ ಹೋಗಿದೆ ಎಂದು ಅವಳು ಬರೆದುಕೊಂಡಿರಬೇಕು. ನಲವತ್ತು ವರ್ಷಕ್ಕೂ ಹಿಂದೆ, ಸಾಗರದ ಒಂದು ಶಾಲೆಯ ಕೋಣೆಯಲ್ಲಿ, ಯಾರಾದರೂ ನನ್ನ ಕುರ್ಚಿಯನ್ನು ಹೀಗೆ ಗೋಡೆಗೆ ತಿರುಗಿಸಿದ್ದರೆ ನನ್ನ ಮಗಳ ಬಾಳು ಬೇರೆಯಾಗುತ್ತಿತ್ತು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾವು ಹೊಸನಗರದಲ್ಲಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ನಮ್ಮವರು ಮಂಜಪ್ಪ, ಖಾಸಗಿ ಬಸ್ಸಿನ ಕಂಡಕ್ಟರ್. ಬೆಳಿಗ್ಗೆ ತೀರ್ಥಹಳ್ಳಿಗೆ ಹೋಗಿ ಸಂಜೆ ತಿರುಗಿ ಬರುವ ಬಸ್ಸು. ನನ್ನ ತವರು ಕೋಣಂದೂರಿನ ಹತ್ತಿರದ ಹಳ್ಳಿ. ಅದೇ ಬಸ್ಸಿನಲ್ಲಿ ಹೈಸ್ಕೂಲಿಗೆ ಹೋಗುವಾಗ ಇವರ ಕಣ್ಣಿಗೆ ಬಿದ್ದವಳು ನಾನು. ಎಸ್ಸೆಸ್ಸೆಲ್ಸಿ ಮುಗಿಸಿ ಮದುವೆಯಾಗಿ ಬಂದವಳು ಒಂದು ಹೊಲಿಗೆ ಯಂತ್ರ ಇಟ್ಟುಕೊಂಡು ಓಣಿಯವರ ರವಿಕೆ ಹೊಲಿಯುತ್ತಿದ್ದೆ. ಮನೆಯಲ್ಲಿ ಅತ್ತೆ, ಮದುವೆಯ ವಯಸ್ಸಿಗೆ ಬಂದ ನಾದಿನಿ ಲಲಿತ, ನಾವಿಬ್ಬರು, ಮತ್ತೆ ನಮ್ಮ ಒಬ್ಬಳೇ ಮಗಳು ವನಜ.

ವನಜಳಿಗೆ ಕಿವಿ ಕೇಳುವುದಿಲ್ಲ ಎಂದು ಖಾತ್ರಿಯಾದಾಗ ಅವಳಿಗೆ ಎರಡು ವರ್ಷ. ಅನುಮಾನ ಮೊದಲೇ ಇತ್ತು, ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ ಅಷ್ಟೆ. ಒಂದು ಭಾನುವಾರ ಇವರು ಬಸ್ಸಿನ ಸೀಟಿಯನ್ನು ಜೇಬಿನಿಂದ ತೆಗೆದು ಅವಳ ಬೆನ್ನ ಹಿಂದೆ ನಿಂತು ಊದಿದರು. ಓಣಿಯ ನಾಯಿಗಳು ಎದ್ದು ಬೊಗಳಿದವು. ವನಜ ಮೊರದಲ್ಲಿದ್ದ ಅಕ್ಕಿಯ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತಾ ಕೂತೇ ಇದ್ದಳು. ಇನ್ನೊಂದು ಸಲ ಊದಿದರು. ಮೂರನೆಯ ಸಲಕ್ಕೆ ಅವರಿಗೆ ಉಸಿರು ಬರಲಿಲ್ಲ.

ಅತ್ತೆ ಅವತ್ತೇ ಅಪ್ಪಣೆ ಕೊಟ್ಟರು. "ಯಾರ ಹತ್ರನೂ ಬಾಯಿ ಬಿಡಬೇಡ ಸರೋಜಾ. ಲಲಿತಂದು ಒಂದು ಮದುವೆ ಆಗ್ಲಿ. ಮನೇಲಿ ಕಿವುಡು ಕೂಸಿದೆ ಅಂದ್ರೆ ಯಾರು ಹೆಣ್ಣು ಕೇಳ್ಕೊಂಡು ಬರ್ತಾರೆ? ಇವರ ರಕ್ತದಲ್ಲೇ ಇದೆ ಅಂತಾರೆ."

ಅತ್ತೆ ಕೆಟ್ಟವರಲ್ಲ. ರಾತ್ರಿ ವನಜಳನ್ನು ಪಕ್ಕದಲ್ಲೇ ಮಲಗಿಸಿಕೊಂಡು ಬೆನ್ನು ಸವರುತ್ತಿದ್ದವರೂ ಅವರೇ. ಆದರೆ ಅವರಿಗೆ ಇಬ್ಬರು ಹೆಣ್ಣುಮಕ್ಕಳ ಯೋಚನೆ ಒಟ್ಟಿಗೇ ಇತ್ತು. ಅದರಲ್ಲಿ ದೊಡ್ಡವಳದು ಮುಂದೆ ನಿಂತಿತ್ತು.

ಮುಚ್ಚಿಡುವ ಕೆಲಸ ನನ್ನ ಪಾಲಿಗೆ ಬಂತು. ಅದಕ್ಕೆ ನಾನೊಂದು ವಿದ್ಯೆ ಕಂಡುಕೊಂಡೆ. ವನಜ ಹೇಗೂ ಸದಾ ನನ್ನ ಮುಖವನ್ನೇ ನೋಡುವವಳು. ಯಾರಾದರೂ ಅವಳ ಹಿಂದಿನಿಂದ ಕರೆದರೆ ನಾನು ಎರಡೂ ಹುಬ್ಬು ಎತ್ತುತ್ತಿದ್ದೆ, ಅವಳು ಹಿಂದಕ್ಕೆ ತಿರುಗಿ ನಗುತ್ತಿದ್ದಳು. ಎಡಗಡೆಯಿಂದ ಕರೆದರೆ ನನ್ನ ಕಣ್ಣು ಎಡಕ್ಕೆ, ಬಲಗಡೆಯಾದರೆ ಬಲಕ್ಕೆ. ತುಟಿ ಬಿಗಿದರೆ ಸುಮ್ಮನಿರು ಎಂದು. ಅವಳಿಗೆ ನಾಲ್ಕೈದು ವರ್ಷ ತುಂಬುವ ಹೊತ್ತಿಗೆ ಇದು ನಮ್ಮಿಬ್ಬರಿಗೂ ಉಸಿರಾಡಿದಷ್ಟು ಸಲೀಸಾಗಿತ್ತು. ನಂಟರು ಬಂದರೆ "ಹುಡುಗಿ ಚೂಟಿ, ಮಾತು ಮಾತ್ರ ಕಮ್ಮಿ, ಅಪ್ಪನ ಹಾಗೆ" ಎನ್ನುತ್ತಿದ್ದರು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಆ ವಿದ್ಯೆಯ ಬಗ್ಗೆ ಜಂಬವಿತ್ತು. ಊರಿಗೆ ಊರನ್ನೇ ಹುಬ್ಬಿನಲ್ಲಿ ಯಾಮಾರಿಸಿದವಳು ನಾನು ಎಂದು ಒಳಗೊಳಗೇ ಹಿಗ್ಗುತ್ತಿದ್ದೆ.

ಯಾಮಾರದೆ ಉಳಿದವರು ಒಬ್ಬರೇ, ಪದ್ಮರಾಜಯ್ಯ ಮೇಷ್ಟ್ರು. ಪ್ರೈಮರಿ ಶಾಲೆಯ ಹೆಡ್‌ಮಾಸ್ಟರು, ಜೈನರು, ಸಂಜೆ ಬೆಳಕಿರುವಾಗಲೇ ಊಟ ಮುಗಿಸಿ ಓಣಿಯಲ್ಲಿ ಒಂದು ಸುತ್ತು ಹೊರಡುವವರು. ವನಜಳನ್ನು ಒಂದನೇ ಕ್ಲಾಸಿಗೆ ಸೇರಿಸಿದಾಗ ನಾನು ದಿನಾ ಬಾಗಿಲ ಹತ್ತಿರ ನಿಂತು ಹುಬ್ಬು ಆಡಿಸಿ ಬರುತ್ತಿದ್ದೆ. ಎಷ್ಟು ಹೊತ್ತು ನಿಲ್ಲಲಿಕ್ಕಾಗುತ್ತದೆ? ಒಂದು ದಿನ ಗಂಟೆ ಹೊಡೆದು ಮಕ್ಕಳೆಲ್ಲ ಹೋ ಎಂದು ಹೊರಗೆ ಓಡಿದಾಗ ಇವಳೊಬ್ಬಳು ಸ್ಲೇಟಿನ ಮೇಲೆ ಗೀಚುತ್ತಾ ಕೂತಿದ್ದನ್ನು ಮೇಷ್ಟ್ರು ಕಂಡರು. ಅವತ್ತು ಸಂಜೆ ಮನೆಗೆ ಬಂದು ಜಗಲಿಯ ಮೇಲೆ ಕೂತರು.

"ಸರೋಜಮ್ಮ, ನಾನು ಯಾರ ಹತ್ರನೂ ಹೇಳೋದಿಲ್ಲ. ಆದ್ರೆ ನೀವು ನನ್ನ ಹತ್ರ ಸುಳ್ಳು ಹೇಳಬೇಡಿ. ಮಗುಗೆ ಕಿವಿ ಕೇಳೋದಿಲ್ಲ, ಅಲ್ವಾ?"

ಐದು ವರ್ಷದಿಂದ ಯಾರೂ ಕೇಳದಿದ್ದ ಮಾತು. ನಾನು ಹೌದು ಎಂದೆ. ಹೇಳಿದ ಮೇಲೆ ಎಂತಹ ಹಗುರ ಎನ್ನುತ್ತೀರಿ!

ಮೇಷ್ಟ್ರು ಒಂದು ಶಾಲೆಯ ಸುದ್ದಿ ಹೇಳಿದರು. ಬಯಲುಸೀಮೆಯ ಊರೊಂದರಲ್ಲಿ ಕಿವುಡ ಮಕ್ಕಳಿಗೆಂದೇ ಸರ್ಕಾರ ನಡೆಸುವ ಶಾಲೆ. ಅಲ್ಲೇ ಊಟ, ಅಲ್ಲೇ ವಸತಿ. ಕೈಸನ್ನೆಯಲ್ಲಿ ಪಾಠ ಮಾಡುತ್ತಾರೆ, ತುಟಿ ನೋಡಿ ಮಾತು ತಿಳಿಯುವುದನ್ನು ಕಲಿಸುತ್ತಾರೆ, ಓದು ಬರಹ ಬರುತ್ತದೆ, ಮುಂದೆ ಕಸುಬೂ ಕಲಿಸುತ್ತಾರೆ. ಆದರೆ ಮಗುವಿಗೆ ಎಂಟು ವರ್ಷ ತುಂಬುವುದರೊಳಗೆ ಸೇರಿಸಬೇಕು. ಅದು ದಾಟಿದರೆ ತೆಗೆದುಕೊಳ್ಳುವುದಿಲ್ಲ. ಶಾಲೆ ಶುರುವಾಗುವುದು ಜೂನ್‌ನಲ್ಲಿ, ವನಜಳಿಗೆ ಎಂಟು ತುಂಬುವುದು ಮುಂದಿನ ಆಷಾಢದಲ್ಲಿ. ಅಂದರೆ ನಮಗೆ ಇದ್ದದ್ದು ಒಂದೇ ಒಂದು ಜೂನ್.

"ತಾಯಿ ಓಡಾಡಿದ್ರೆ ಆಗ್ತದೆ. ತಾಯಿ ಕೂತ್ರೆ ಮಗುನೂ ಕೂತ ಹಾಗೇ," ಎಂದು ಹೇಳಿ ಎದ್ದರು.

ನಾನು ಓಡಾಡಿದೆ. ಊರಿಗೆ ತಿಳಿಯದ ಹಾಗಾದರೆ ಆಗಲಿ ಎಂದು ಅತ್ತೆಯೂ ಒಪ್ಪಿದರು. ವಯಸ್ಸಿನ ಪತ್ರ, ಆದಾಯದ ಪತ್ರ, ಇದೇ ತಾಲ್ಲೂಕಿನವರು ಎಂಬ ಪತ್ರ. ಒಬ್ಬ ಗುಮಾಸ್ತ ಇದ್ದರೆ ಇನ್ನೊಬ್ಬರು ರಜೆ, ಇಬ್ಬರೂ ಇದ್ದರೆ ಸೀಲು ಬೀರುವಿನಲ್ಲಿ, ಬೀರುವಿನ ಕೀಲಿ ಸಾಹೇಬರ ಹತ್ತಿರ, ಸಾಹೇಬರು ಕ್ಯಾಂಪು. ತಾಲ್ಲೂಕು ಕಚೇರಿಯ ಮೆಟ್ಟಿಲು ಎಷ್ಟು ಎಂದು ಈಗಲೂ ಕಣ್ಣು ಮುಚ್ಚಿ ಹೇಳಬಲ್ಲೆ. ಮಾರ್ಚ್ ಮುಗಿಯುವುದರೊಳಗೆ ಎಲ್ಲ ಕೈ ಸೇರಿತು. ಉಳಿದದ್ದು ಡಾಕ್ಟರ ಪರೀಕ್ಷೆ ಒಂದು. ಏಪ್ರಿಲ್‌ನಲ್ಲಿ ಸಾಗರದಲ್ಲಿ ಕಣ್ಣು ಕಿವಿಯ ಶಿಬಿರ ನಡೆಯುತ್ತದೆ, ದೊಡ್ಡ ಊರಿನ ಡಾಕ್ಟರು ಬರುತ್ತಾರೆ, ಅಲ್ಲಿ ಅರ್ಜಿಯ ಮೇಲೆಯೇ ಬರೆದು ಸೀಲು ಹಾಕಿ ನೇರವಾಗಿ ಜಿಲ್ಲೆಯ ಕಚೇರಿಗೆ ಕಳಿಸುತ್ತಾರೆ ಎಂದು ಮೇಷ್ಟ್ರೇ ವಿಚಾರಿಸಿ ತಿಳಿಸಿದರು.

ಅಷ್ಟರಲ್ಲಿ ಲಲಿತಳಿಗೂ ಗಂಡು ಗೊತ್ತಾಗಿತ್ತು. ಕೆಳದಿಯ ಕಡೆಯವರು. ಮೇ ತಿಂಗಳಲ್ಲಿ ಮದುವೆ. ಅದಕ್ಕೇ ಅತ್ತೆ ಶಿಬಿರಕ್ಕೆ ತಾವೂ ಹೊರಟರು. ಯಾರಾದರೂ ಕೇಳಿದರೆ ಅತ್ತೆಯ ಕಣ್ಣು ತೋರಿಸಲು ಬಂದದ್ದು ಎಂದು ಹೇಳುವುದೆಂದು ನಮ್ಮಲ್ಲಿ ಮಾತಾಯಿತು. ವನಜಳಿಗೆ ಎಣ್ಣೆ ಹಚ್ಚಿ ಜಡೆ ಹಾಕಿ, ನಾನೇ ಹೊಲಿದ ಹಸಿರು ಲಂಗ ಉಡಿಸಿದೆ.

ಸಾಗರದಲ್ಲಿ ಶಿಬಿರ ನಡೆದ ಶಾಲೆಯ ವರಾಂಡದಲ್ಲಿ ಜನವೋ ಜನ. ಸಾಲಿನಲ್ಲಿ ನಿಂತು ಹತ್ತು ನಿಮಿಷ ಆಗಿರಲಿಲ್ಲ, "ಓ, ನೀವೂ ಬಂದ್ರಾ!" ಎಂಬ ಧ್ವನಿ. ನೋಡಿದರೆ ಕೆಳದಿಯ ಬೀಗಿತಿ, ಲಲಿತಳಿಗೆ ಅತ್ತೆಯಾಗಬೇಕಾದವರು. ಅವರಿಗೂ ಕಣ್ಣಿನ ಪೊರೆಯಂತೆ. ನಮ್ಮ ಅತ್ತೆ ವನಜಳನ್ನು ತಮ್ಮ ಹಿಂದಕ್ಕೆ ಎಳೆದುಕೊಂಡರು. ಬೀಗಿತಿ ನಮ್ಮನ್ನು ಬಿಡಲಿಲ್ಲ, ಮದುವೆಯ ಮಾತಾಡುತ್ತಾ ಪಕ್ಕದಲ್ಲೇ ನಡೆದು ಬಂದರು. "ಕೂಸಿಗೆಂತ ಆಯ್ತು?" ಎಂದು ಕೇಳಿದಾಗ ಅತ್ತೆ, "ಎಂತ ಇಲ್ಲ, ಕಿವೀಲಿ ಸ್ವಲ್ಪ ಸೋರ್ತದೆ," ಎಂದರು.

ನಮ್ಮ ಸರದಿ ಬಂತು. ಡಾಕ್ಟರು ಬೆಳಗಿನಿಂದ ಕುರ್ಚಿ ಬಿಟ್ಟು ಎದ್ದೇ ಇರಲಿಲ್ಲವೇನೋ, ಅಷ್ಟು ದಣಿದಿದ್ದರು. ಆದರೂ ವನಜಳ ಕೆನ್ನೆ ಸವರಿ ನಕ್ಕರು. "ಅಮ್ಮ, ನೀವು ಮಗು ಎದುರಿಗೇ ಕೂತ್ಕೊಳ್ಳಿ. ನಿಮ್ಮನ್ನ ನೋಡ್ತಾ ಇದ್ರೆ ಹೆದರೋದಿಲ್ಲ," ಎಂದರು. ನಾನು ಎದುರಿನ ಬೆಂಚಿನಲ್ಲಿ ಕೂತೆ. ಬಾಗಿಲಲ್ಲಿ ಅತ್ತೆ, ಅವರ ಹೆಗಲ ಮೇಲಿಂದ ಇಣುಕುತ್ತಾ ಬೀಗಿತಿ. ಡಾಕ್ಟರು ವನಜಳ ಹಿಂದೆ ಹೋಗಿ ನಿಂತು ಕೈಗಂಟೆಯೊಂದನ್ನು ಎತ್ತಿಕೊಂಡರು.

ಮೊದಲ ಸಲ ಬಾರಿಸಿದಾಗ ವನಜ ತಿರುಗಲಿಲ್ಲ. ನಾನು ಮುಖವನ್ನು ಕಲ್ಲು ಮಾಡಿಕೊಂಡು ಕೂತಿದ್ದೆ. ಡಾಕ್ಟರು ಪೆನ್ನು ತೆಗೆದರು. ಆಮೇಲೆ ಏನನ್ನಿಸಿತೋ, ಇನ್ನೊಮ್ಮೆ ಗಂಟೆ ಎತ್ತಿ, "ವನಜಾ!" ಎಂದು ಕರೆದು ಜೋರಾಗಿ ಬಾರಿಸಿದರು.

ಮಗಳ ಹಿಂದಿನಿಂದ ಯಾರೋ ಅವಳ ಹೆಸರು ಕರೆದರು. ನನ್ನ ಹುಬ್ಬು ಎದ್ದಿತು.

ನಾನು ಎತ್ತಲಿಲ್ಲ, ಅದು ತಾನೇ ಎದ್ದಿತು ಎಂದರೆ ನೀವು ನಂಬುತ್ತೀರೋ ಇಲ್ಲವೋ. ವನಜ ಹಿಂದಕ್ಕೆ ತಿರುಗಿ ಡಾಕ್ಟರನ್ನು ನೋಡಿ ಚೆಂದವಾಗಿ ನಕ್ಕಳು. ಅವರು ಎಡಕ್ಕೆ ಬಂದು ಬಾರಿಸಿದರು. ನನ್ನ ಕಣ್ಣು ಗಂಟೆಯ ಹಿಂದೆಯೇ ಹೋಯಿತು, ಅವಳೂ ಎಡಕ್ಕೆ ತಿರುಗಿದಳು. ಬಲಕ್ಕೂ ಹಾಗೇ ಆಯಿತು.

"ಕೇಳ್ತದೆ! ಕೂಸಿಗೆ ಕೇಳ್ತದೆ!" ಎಂದು ಬಾಗಿಲಲ್ಲಿ ಯಾರೋ ಕೂಗಿದರು. ಅತ್ತೆ ಕೈ ಮುಗಿದುಕೊಂಡು ಅಳುತ್ತಿದ್ದರು. ಅದು ನಾಟಕವಲ್ಲ, ನಿಜವಾಗಿಯೂ ದೇವರು ಕಣ್ಣು ಬಿಟ್ಟ ಎಂದುಕೊಂಡಿದ್ದರು. ಹೆತ್ತವಳು ನಾನು, ಹುಬ್ಬು ಎತ್ತಿದವಳೂ ನಾನೇ, ನನಗೂ ಒಂದು ಗಳಿಗೆ ಮಗಳಿಗೆ ಕೇಳಿಸಿತು ಎನ್ನಿಸಿಬಿಟ್ಟಿತು. ಆ ಒಂದು ಗಳಿಗೆಯ ಸುಖ ಈಗಲೂ ನೆನಪಿದೆ.

ಡಾಕ್ಟರು ಬರೆಯತೊಡಗಿದರು. ಆಗ ನಾನು ಎದ್ದು ಒಂದು ಮಾತು ಹೇಳಬೇಕಿತ್ತು. ಸ್ವಾಮಿ, ಅವಳು ನಿಮ್ಮ ಗಂಟೆಗೆ ತಿರುಗಲಿಲ್ಲ, ನನ್ನ ಮುಖ ನೋಡಿ ತಿರುಗಿದಳು, ಅವಳು ಹುಟ್ಟು ಕಿವುಡಿ. ಅಷ್ಟೇ. ಬಾಯಿ ತೆರೆದೆ ಕೂಡ. ಆದರೆ ಬಾಗಿಲಲ್ಲಿ ಬೀಗಿತಿ ನಿಂತಿದ್ದರು. ಅತ್ತೆಯ ಕಣ್ಣು ಈಗ ನನ್ನ ಮೇಲಿತ್ತು. ಡಾಕ್ಟರು ಸೀಲು ಒತ್ತಿ, "ಗಾಬರಿ ಇಲ್ಲಮ್ಮ, ಕಿವಿ ಕೇಳ್ತದೆ. ಕೆಲವು ಮಕ್ಕಳಿಗೆ ಮಾತು ತಡ. ಮನೇಲಿ ಜಾಸ್ತಿ ಮಾತಾಡ್ಸಿ," ಎಂದರು. ಅರ್ಜಿ ಕಟ್ಟಿನೊಳಗೆ ಸೇರಿತು. ನಾನು ಮಗಳ ಕೈ ಹಿಡಿದುಕೊಂಡು ಹೊರಗೆ ಬಂದೆ.

ಸಂಜೆ ಮನೆಗೆ ಬಂದ ಇವರಿಗೆ ಅತ್ತೆಯೇ ಮುಂದಾಗಿ ಸುದ್ದಿ ಹೇಳಿಬಿಟ್ಟರು. ಇವರು ಹೆಗಲ ಚೀಲ ಕೂಡ ಇಳಿಸಲಿಲ್ಲ, ಜೇಬಿನಿಂದ ಸೀಟಿ ತೆಗೆದು ವನಜಳ ಹಿಂದೆ ಹೋಗಿ ನಿಂತರು. ನಾನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡೆ. ಸೀಟಿ ಮೂರು ಸಲ ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ಕೈ ತೆಗೆದು ನೋಡಿದರೆ ವನಜ ನೂಲಿನ ಉಂಡೆಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತಿದ್ದಳು. ಇವರು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು. ನಡೆದದ್ದನ್ನು ಹೇಳಿದೆ.

"ನೀನು ಆಗ್ಲೇ ಹೇಳ್ಬೇಕಿತ್ತು ಸರೋಜಾ," ಎಂದರು. ಬೈಯಲಿಲ್ಲ. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು.

ಮರುದಿನ ಮೇಷ್ಟ್ರು ಕೇಳಿ ಕನ್ನಡಕ ತೆಗೆದು ಒರೆಸಿಕೊಂಡರು. "ನಾಳೆನೇ ಜಿಲ್ಲೆಯ ಕಚೇರಿಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿಬಿಡಿ."

"ಲಲಿತಂದು ಮದುವೆ ಮೇನಲ್ಲಿ ಮೇಷ್ಟ್ರೇ. ಹೇಳಿದ್ರೆ ಊರಿಗೆಲ್ಲ ಗೊತ್ತಾಗ್ತದೆ. ಮದುವೆ ಮುಗೀಲಿ ಅಂತಾರೆ ಅತ್ತೆ."

"ಮದುವೇನ ಹಿಂದೆ ಮುಂದೆ ಹಾಕಬಹುದು ಸರೋಜಮ್ಮ. ಮಗು ವಯಸ್ಸನ್ನ ಹಾಕಕ್ಕಾಗೋದಿಲ್ಲ."

ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೂ ನಾನು ಕಾದೆ. ಇದನ್ನು ಅತ್ತೆಯ ತಲೆಗೆ ಕಟ್ಟಿ ನಾನು ಕೈ ತೊಳೆದುಕೊಳ್ಳಬಹುದು, ಎಷ್ಟೋ ವರ್ಷ ಹಾಗೆಯೇ ಮಾಡಿದೆ. ಆದರೆ ಬಸ್ ಸ್ಟ್ಯಾಂಡು ಓಣಿಯ ಮುಂದೆಯೇ ಇತ್ತು, ಕಂಡಕ್ಟರನ ಹೆಂಡತಿಗೆ ಬಸ್ಸಿನಲ್ಲಿ ಜಾಗಕ್ಕೇನು ಬರ? ಹತ್ತಲಿಲ್ಲ. ಮದುವೆಯ ರವಿಕೆಗಳನ್ನು ಹೊಲಿಯುತ್ತಾ ಕೂತೆ. ಮದುವೆ ಚೆನ್ನಾಗಿ ನಡೆಯಿತು. ವನಜ ರೇಷ್ಮೆ ಲಂಗ ಉಟ್ಟು ಪನ್ನೀರು ದಾನಿ ಹಿಡಿದು ನಿಂತಿದ್ದಳು. ನಾನು ಕಂಬದ ಹತ್ತಿರ ನಿಂತು ದಿನವಿಡೀ ಹುಬ್ಬು ಆಡಿಸಿದೆ.

ಜೂನ್ ಮೊದಲ ವಾರ ಮಳೆ ಹಿಡಿಯಿತು. ಅದೇ ವಾರ ವನಜಳನ್ನು ಕರೆದುಕೊಂಡು ಜಿಲ್ಲೆಯ ಕಚೇರಿಗೆ ಹೋದೆ. ಗುಮಾಸ್ತರು ಶಿಬಿರದ ಕಟ್ಟು ಬಿಚ್ಚಿ ನಮ್ಮ ಅರ್ಜಿ ತೆಗೆದರು. ಅದರ ಮೇಲೆ ಕೆಂಪು ಶಾಯಿಯ ಗೀಟು ಬಿದ್ದಾಗಿತ್ತು.

"ಏಪ್ರಿಲಲ್ಲಿ ಕೇಳ್ತಿತ್ತು, ಜೂನಲ್ಲಿ ಕೇಳಲ್ವಾ?" ಎಂದರು. "ಊಟ ವಸತಿ ಪುಕ್ಕಟೆ ಅಂತ ಗೊತ್ತಾದ್ರೆ ಸಾಕು, ಮಕ್ಕಳ ಕಿವಿ ಹೋಗೋದೇ."

ನಾನು ಎಲ್ಲ ಹೇಳಿದೆ. ಆರು ವರ್ಷ ಬಚ್ಚಿಟ್ಟದ್ದನ್ನು ಆ ಕಚೇರಿಯಲ್ಲಿ, ಗುರುತು ಪರಿಚಯ ಇಲ್ಲದ ಜನರೆದುರು, ಹುಬ್ಬು ಎತ್ತಿ ತೋರಿಸಿ ಹೇಳಿದೆ. ಅಕ್ಕಪಕ್ಕದ ಮೇಜಿನವರು ಕೆಲಸ ಬಿಟ್ಟು ನೋಡಿದರು. ಒಬ್ಬರು ನಕ್ಕರು. "ಬೇಕಾದ್ರೆ ನಾನು ಹೊರಗೆ ಹೋಗ್ತೀನಿ, ನೀವೇ ನೋಡಿ," ಎಂದು ಅಂಗಲಾಚಿದೆ.

"ಹೊರಗೆಂತಕ್ಕೆ, ಕಣ್ಣು ಮುಚ್ಕೊಳ್ಳಿ," ಎಂದು ಗುಮಾಸ್ತರು ದೊಡ್ಡ ರಿಜಿಸ್ಟರ್ ಎತ್ತಿ ಮೇಜಿನ ಮೇಲೆ ದಢಾರನೆ ಕುಕ್ಕಿದರು. ಕಣ್ಣು ಬಿಟ್ಟಾಗ ವನಜ ಬೆಚ್ಚಿ ಅವರ ಕಡೆಗೇ ನೋಡುತ್ತಿದ್ದಳು. ಅವಳ ಅಂಗೈ ಮೇಜಿನ ಮೇಲಿತ್ತು. ನನ್ನ ಹೊಲಿಗೆ ಯಂತ್ರದ ಹಲಗೆಗೆ ಕೆನ್ನೆ ಆನಿಸಿ ನಗುವ ಮಗು ಅದು, ಮರದ ಅದುರು ಅವಳಿಗೆ ತಿಳಿಯದೇ? ಅದನ್ನು ವಿವರಿಸಲು ಹೋದೆ. ಗುಮಾಸ್ತರು ಕೈ ಅಡ್ಡ ಹಿಡಿದರು.

"ಅಮ್ಮಾ, ನಾನು ಡಾಕ್ಟರಲ್ಲ. ಬರೆದದ್ದನ್ನ ಅಳಿಸೋಕೆ ನನಗೆ ಅಧಿಕಾರ ಇಲ್ಲ. ಬೇರೆ ಡಾಕ್ಟರ ಹತ್ರ ಹೊಸ ಸರ್ಟಿಫಿಕೇಟ್ ತನ್ನಿ. ಪಟ್ಟಿ ಈ ತಿಂಗಳ ಕೊನೇಲಿ ಹೋಗ್ತದೆ."

ತೀರ್ಥಹಳ್ಳಿಗೆ ತಿಂಗಳಿಗೊಮ್ಮೆ, ಕೊನೆಯ ಸೋಮವಾರ, ಕಿವಿ ಡಾಕ್ಟರೊಬ್ಬರು ಬರುತ್ತಿದ್ದರು. ಅವರಿಗಾಗಿ ಕಾದೆವು. ಕಾದ ಆ ದಿನಗಳಲ್ಲಿ ಮಳೆ ಒಂದು ದಿನ ಬಿಡಲಿಲ್ಲ. ನಮ್ಮವರನ್ನು ಮಾಲೀಕರು ಕುಂದಾಪುರದ ಕಡೆಯ ಬಸ್ಸಿಗೆ ಹಾಕಿದ್ದರು. ಆ ಭಾನುವಾರ ಹುಲಿಕಲ್ ಘಾಟಿಯಲ್ಲಿ ಮರ ಬಿದ್ದು ಅವರು ಕೆಳಗೇ ಉಳಿದರು. ಸೋಮವಾರ ಬೆಳಿಗ್ಗೆ ನಾನೊಬ್ಬಳೇ ವನಜಳನ್ನು ಕರೆದುಕೊಂಡು ಹೊರಟೆ. ಹೊರಡುವಾಗ ಅತ್ತೆ ವನಜಳ ತಲೆಗೆ ಕಂಬಳಿಕೊಪ್ಪೆ ಹಾಕಿ, "ಈ ಸಲ ಯಾರಿದ್ರೂ ಇರ್ಲಿ, ಗಟ್ಟಿಯಾಗಿ ಹೇಳು," ಎಂದರು.

ಕೋಣಂದೂರು ಇನ್ನೂ ಒಂದು ಮೈಲಿ ಇರುವಾಗ ಮೋರಿಯ ಮೇಲೆ ನೀರು ಹರಿಯುತ್ತಿತ್ತು. ಬಸ್ಸು ನಿಂತಿತು. ಡ್ರೈವರ್ ನಮ್ಮವರ ಗೆಳೆಯ. "ಅಕ್ಕಾ, ನೀರು ಇಳೀಲಿ, ಹೋಗಬೇಡಿ," ಎಂದ. ನೀರು ಯಾವಾಗ ಇಳಿಯುತ್ತದೆ, ಡಾಕ್ಟರು ಮಧ್ಯಾಹ್ನ ಹೊರಟುಬಿಡುತ್ತಾರೆ. ವನಜಳನ್ನು ಬೆನ್ನಿಗೆ ಕಟ್ಟಿಕೊಂಡು ಕಾಗದಪತ್ರಗಳ ಚೀಲವನ್ನು ಹಲ್ಲಿನಲ್ಲಿ ಕಚ್ಚಿ ನೀರಿಗಿಳಿದೆ. ನೀರು ಸೊಂಟದವರೆಗೆ ಬಂತು. ನಡುವೆ ಒಮ್ಮೆ ಕಾಲು ಜಾರಿದಾಗ, ಇಬ್ಬರೂ ಹೋದರೆ ಹೋಗಲಿ, ಒಟ್ಟಿಗೇ ಹೋಗಲಿ ಎನ್ನಿಸಿದ್ದೂ ಸುಳ್ಳಲ್ಲ. ಆಚೆ ದಡ ಸಿಕ್ಕಿತು. ಕೋಣಂದೂರಿನಲ್ಲಿ ಅಕ್ಕಿ ಲಾರಿ ಹತ್ತಿ ತೀರ್ಥಹಳ್ಳಿ ಸೇರಿದಾಗ ಡಾಕ್ಟರು ಚೀಲ ಮುಚ್ಚುತ್ತಿದ್ದರು.

"ಸ್ವಾಮಿ, ನಾನು ಒಳಗೆ ಇರೋದಿಲ್ಲ. ನಾನಿದ್ರೆ ಅವಳು ನನ್ನ ಮುಖ ನೋಡ್ತಾಳೆ. ಅವಳ ಕೈ ಯಾವುದಕ್ಕೂ ತಾಗದ ಹಾಗೆ ನೆಲದ ಮೇಲೆ ನಿಲ್ಲಿಸಿ," ಎಂದೆ. ಆ ವಯಸ್ಸಾದ ಡಾಕ್ಟರು ನನ್ನನ್ನು ವಿಚಿತ್ರವಾಗಿ ನೋಡಿ ಬಾಗಿಲು ಹಾಕಿಕೊಂಡರು. ಹೊರಗೆ ನೀರು ಸುರಿಯುವ ಸೀರೆಯಲ್ಲಿ ನಿಂತು ಕೇಳಿದೆ. ಗಂಟೆ ಬಾರಿಸಿದರು. ಚಪ್ಪಾಳೆ ತಟ್ಟಿದರು. ತಟ್ಟೆ ಬಡಿದರು. ಒಂದೊಂದು ಶಬ್ದಕ್ಕೂ ಒಳಗೊಳಗೇ ಬೇಡಿಕೊಂಡೆ, ತಿರುಗಬೇಡ ಮಗಳೇ, ತಿರುಗಬೇಡ ಎಂದು.

ಬಾಗಿಲು ತೆರೆಯಿತು. "ಏನೂ ಕೇಳೋದಿಲ್ಲಮ್ಮ. ಎರಡು ಕಿವೀನೂ," ಎಂದರು ಡಾಕ್ಟರು ಮೆಲ್ಲಗೆ, ದುಃಖದ ಸುದ್ದಿ ಹೇಳುವವರಂತೆ.

ನಾನು ಅವರ ಕಾಲಿಗೆ ಬಿದ್ದೆ. "ದೊಡ್ಡ ಉಪಕಾರ ಆಯ್ತು ಸ್ವಾಮಿ," ಎಂದೆ. ಅವರು ಎರಡು ಹೆಜ್ಜೆ ಹಿಂದೆ ಸರಿದರು. ಮಗಳು ಕಿವುಡಿ ಎಂದರೆ ಸಂತೋಷದಿಂದ ಕೈ ಮುಗಿಯುವ ತಾಯಿಯನ್ನು ಅವರು ಮತ್ತೆಲ್ಲೂ ಕಂಡಿರಲಿಕ್ಕಿಲ್ಲ.

ರಸ್ತೆ ತೆರವಾಗಿ ಜಿಲ್ಲೆಯ ಕಚೇರಿ ಮುಟ್ಟಿದ್ದು ಬುಧವಾರ. ಪಟ್ಟಿ ಹಿಂದಿನ ಶನಿವಾರವೇ ಹೋಗಿತ್ತು. ಈ ತಿಂಗಳ ಕೊನೆ ಎಂದು ಹೇಳಿದ್ದ ಗುಮಾಸ್ತರು ನನ್ನ ಕೈಯ ಕಾಗದ ಓದಿದರು, ನನ್ನ ಮುಖ ನೋಡಲಿಲ್ಲ. ತಾವೇ ಎದ್ದು ಸಾಹೇಬರ ಕೋಣೆಗೆ ಕರೆದುಕೊಂಡು ಹೋದರು. ಸಾಹೇಬರು ಒಳ್ಳೆಯವರು, ಅಲ್ಲೇ ಒಂದು ಶಿಫಾರಸು ಪತ್ರ ಟೈಪು ಮಾಡಿಸಿ ಶಾಲೆಗೆ ಕಳಿಸಿದರು. ಉತ್ತರ ಬಂದದ್ದು ಶ್ರಾವಣದಲ್ಲಿ, ಒಂದು ಕಾರ್ಡು. ಜಾಗ ತುಂಬಿದೆ, ಮುಂದಿನ ವರ್ಷಕ್ಕೆ ಮಗುವಿನ ವಯಸ್ಸು ಮೀರುತ್ತದೆ, ವಿಷಾದಿಸುತ್ತೇವೆ. ವನಜಳಿಗೆ ಎಂಟು ತುಂಬಿ ಮೂರು ವಾರವಾಗಿತ್ತು. ಮೇಷ್ಟ್ರು ಇನ್ನೂ ನಾಲ್ಕು ಕಡೆ ಬರೆದರು, ನಾನು ಇನ್ನೂ ನಾಲ್ಕು ಕಚೇರಿಗಳ ಮೆಟ್ಟಿಲು ಹತ್ತಿದೆ. ಕಿವುಡು ಎಂದು ಈಗ ಎಲ್ಲರೂ ಒಪ್ಪುತ್ತಿದ್ದರು. ಅದರಿಂದ ಏನೂ ಆಗುವ ಹಾಗಿರಲಿಲ್ಲ.

ಕೊನೆಗೆ ಮೇಷ್ಟ್ರು ಅವಳನ್ನು ತಮ್ಮ ಒಂದನೇ ಕ್ಲಾಸಿನ ಮೂಲೆಯಲ್ಲಿ ನಾಲ್ಕು ವರ್ಷ ಕೂರಿಸಿಕೊಂಡರು. ಪಾಪ, ಕಿವುಡ ಮಕ್ಕಳಿಗೆ ಕಲಿಸುವ ವಿದ್ಯೆ ಅವರಿಗೂ ಗೊತ್ತಿರಲಿಲ್ಲ. ಹಲಗೆಯ ಮೇಲೆ ಬರೆದದ್ದನ್ನು ವನಜ ಅಚ್ಚುಕಟ್ಟಾಗಿ ನಕಲು ಮಾಡುತ್ತಿದ್ದಳು, ಅದೊಂದು ಚಿತ್ರ ಎಂಬಂತೆ. ಎಲ್ಲಕ್ಕಿಂತ ಹೆಚ್ಚು ತಿದ್ದಿಸಿದ್ದು "ವನಜ" ಎಂಬ ಮೂರು ಅಕ್ಷರ. ಮೇಷ್ಟ್ರು ಅಕ್ಷರ ತೋರಿಸಿ ಅವಳ ಎದೆ ಮುಟ್ಟುತ್ತಿದ್ದರು, ಅವಳು ತಲೆಯಾಡಿಸಿ ನಗುತ್ತಿದ್ದಳು. ಮೇಷ್ಟ್ರ ಮುಖವನ್ನೋ ನನ್ನ ಮುಖವನ್ನೋ ನೋಡಿ ಹಾಗೆ ನಗುವುದು ಅವಳಿಗೆ ಅಭ್ಯಾಸವಾಗಿತ್ತು. ನಾನು ಅವಳಿಗೆ ಹೊಲಿಗೆ ಹೇಳಿಕೊಟ್ಟೆ. ನನಗಿಂತ ಚೆನ್ನಾಗಿ ಹೊಲಿದಳು.

ಅವಳಿಗೆ ಹದಿನೆಂಟು ತುಂಬಿದ ವರ್ಷ, ಅಂಗವಿಕಲರ ಮಾಸಾಶನಕ್ಕೆ ಅರ್ಜಿ ಹಾಕಲು ತಾಲ್ಲೂಕು ಕಚೇರಿಗೆ ಕರೆದುಕೊಂಡು ಹೋದೆ. ಈ ಸಲ ಯಾವ ತೊಂದರೆಯೂ ಇರಲಿಲ್ಲ. ಡಾಕ್ಟರ ಕಾಗದ ಇತ್ತು, ಗುಮಾಸ್ತರು ಪರಿಚಯದವರು. "ಸಹಿ ಮಾಡಕ್ಕೆ ಬರ್ತದಾ?" ಎಂದು ಕೇಳಿದರು. "ಓಹೋ, ಅಕ್ಷರ ಮುತ್ತಿನ ಹಾಗೆ," ಎಂದು ನಾನು ಹೆಮ್ಮೆಯಿಂದ ಫಾರಮ್ಮನ್ನೂ ಪೆನ್ನನ್ನೂ ವನಜಳ ಮುಂದಿಟ್ಟೆ. ಅಷ್ಟರಲ್ಲಿ ಯಾರೋ ರವಿಕೆಯ ಅಳತೆಯ ವಿಷಯ ಮಾತಾಡಿಸಿದರು, ಆ ಕಡೆ ತಿರುಗಿದೆ.

ತಿರುಗಿ ನೋಡಿದಾಗ ಅವಳು ಬರೆದು ಮುಗಿಸಿದ್ದಳು. ಅರ್ಜಿದಾರರ ಹೆಸರು ಎಂಬಲ್ಲಿ ವನಜ ಎಂದಿತ್ತು. ತಂದೆಯ ಹೆಸರು ಎಂಬಲ್ಲಿಯೂ ವನಜ. ಊರು, ವಯಸ್ಸು, ಉದ್ಯೋಗ, ಎಲ್ಲದರ ಮುಂದೆಯೂ ವನಜ, ವನಜ, ವನಜ. ಕಾಗದದ ಮೇಲೆ ಖಾಲಿ ಜಾಗ ಕಂಡರೆ ಇದನ್ನು ಬರೆದು ತುಂಬಬೇಕು ಎಂದಷ್ಟೇ ಅವಳು ಕಲಿತಿದ್ದಳು. ಹುಟ್ಟಿದಂದಿನಿಂದ ಎಲ್ಲರ ಬಾಯಲ್ಲೂ ಇದ್ದ ಹೆಸರು, ಅದು ತನ್ನದು ಎಂದು ಅವಳಿಗೆ ಗೊತ್ತಿರಲಿಲ್ಲ. ಮನುಷ್ಯರಿಗೆ ಹೆಸರು ಎಂಬುದೊಂದು ಇರುತ್ತದೆ ಎಂದು ಕೂಡ ಯಾರೂ ಅವಳಿಗೆ ತಿಳಿಸಿರಲಿಲ್ಲ.

"ಇದು ಹಾಳಾಯ್ತಲ್ಲ ಸರೋಜಮ್ಮ, ಬೇರೆ ಫಾರಂ ತಗೊಳ್ಳಿ," ಎಂದರು ಗುಮಾಸ್ತರು.

ವನಜ ಪೆನ್ನಿನ ಮುಚ್ಚಳ ಹಾಕಿ, ಒಂದೂ ಜಾಗ ಬಿಡದೆ ತುಂಬಿದ್ದೇನೆ ಎಂಬ ಸಂಭ್ರಮದಲ್ಲಿ ನನ್ನ ಮುಖ ನೋಡಿದಳು. ನಾನು ಅವಳ ಬೆನ್ನು ತಟ್ಟಿದೆ.